ಮೂರು ಕಲ್ಲಿನ ಜರಡಿ

ನಾಲಿಗೆ ಸುಳ್ಳು ಹೇಳುತ್ತದೆ, ಬೆರಳು ಹೇಳುವುದಿಲ್ಲ. ಹದಿನೆಂಟು ವರ್ಷದ ನೌಕರಿಯಲ್ಲಿ ಗುರುಮಲ್ಲೇಶನಿಗೆ ಸ್ವಂತವಾಗಿ ಹೊಳೆದದ್ದು ಇದೊಂದೇ ಮಾತು. ಈ ಒಂದು ಮಾತಿನಿಂದಲೇ ಅವನು ಮೈಸೂರಿನ ಒಂದು ಮೊಬೈಲ್ ಕಂಪನಿಯ ಕಂಟ್ರೋಲ್ ರೂಮಿಗೆ ಮುಖ್ಯಸ್ಥನಾದ. ಹಾರ ಹಾಕಿಸಿಕೊಂಡ. ಹಾರ ಹಾಕಿಸಿಕೊಂಡ ಕುತ್ತಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ ಎಂಬುದನ್ನೂ ಅವನೇ ತೋರಿಸಿಕೊಟ್ಟ.

ಕಂಪನಿಗೆ ಆಗ ಎರಡು ಕಾಟವಿತ್ತು. 'ನಿಮ್ಮ ಮನೆ ಕರೆಂಟು ಇವತ್ತೇ ಕಟ್ ಆಗುತ್ತದೆ, ಕೂಡಲೇ ಈ ನಂಬರಿಗೆ ಫೋನ್ ಮಾಡಿ' ಎಂದು ಮೆಸೇಜು ಕಳಿಸಿ ಪಾಪದವರನ್ನು ದೋಚುವ ಮೋಸಗಾರರು ಒಂದು ಕಡೆ. ನೂರಾರು ಸಿಮ್ ತುಂಬಿದ ಪೆಟ್ಟಿಗೆಯನ್ನು ಯಾವುದೋ ಗೋಡೌನಿನಲ್ಲಿಟ್ಟುಕೊಂಡು, ಅಂಗಡಿಗಳ ಜಾಹೀರಾತನ್ನೆಲ್ಲ ಮನೆಮಂದಿಯ ಮೆಸೇಜಿನಂತೆ ಕಳ್ಳದಾರಿಯಲ್ಲಿ ಸಾಗಿಸುವವರು ಇನ್ನೊಂದು ಕಡೆ. ಇವರಿಂದ ಗಿರಾಕಿಗಳ ನಂಬಿಕೆಯೂ ಹೋಗುತ್ತಿತ್ತು, ಕಂಪನಿಯ ಆದಾಯವೂ ಸೋರುತ್ತಿತ್ತು. ಆಗ ಗುರುಮಲ್ಲೇಶ ಕಟ್ಟಿದ ಯಂತ್ರಕ್ಕೆ ಕಾಗದದ ಮೇಲೆ ಮಾರುದ್ದದ ಹೆಸರಿತ್ತು. ಎಲ್ಲರ ಬಾಯಲ್ಲಿ ಅದು ಜರಡಿಯಾಯಿತು.

ಜರಡಿಯ ಕೆಲಸ ಸರಳ. ಪ್ರತಿ ಮೆಸೇಜಿನ ಬಾಲಕ್ಕೆ, ಅದನ್ನು ಬರೆದ ಬೆರಳಿನ ನಡೆಯೂ ಅಂಟಿಕೊಂಡು ಬರುತ್ತದೆ: ಎಲ್ಲಿ ನಿಂತಿತು, ಎಷ್ಟು ಸಲ ಅಳಿಸಿತು, ಯಾವ ಅಕ್ಷರದ ಮೇಲೆ ತಡವರಿಸಿತು. ಸುಳ್ಳು ಬರೆಯುವ ಬೆರಳು ತಡವರಿಸಿಯೇ ತಡವರಿಸುತ್ತದೆ. ಅದು ಒಂದು ಕಲ್ಲು. 'ಕೂಡಲೇ', 'ಈಗಲೇ', 'ತಕ್ಷಣ' ಎಂಬ ಅವಸರದ ಮಾತು ಇದ್ದರೆ ಎರಡನೇ ಕಲ್ಲು. ಒಂದೇ ನಂಬರಿನಿಂದ ಹತ್ತು ನಿಮಿಷದೊಳಗೆ ಆರಕ್ಕಿಂತ ಹೆಚ್ಚು ಜನರಿಗೆ ಮೆಸೇಜು ಹೊರಟರೆ ಮೂರನೆಯದು. ಒಂದು ಕಲ್ಲಿದ್ದರೂ ಬಿಡು, ಎರಡಿದ್ದರೂ ಬಿಡು, ಮೂರೂ ಸೇರಿದರೆ ತಡೆ. ತಡೆದದ್ದು ಕಳ್ಳನಿಗೆ ಗೊತ್ತಾದರೆ ಅವನು ದಾರಿ ಬದಲಿಸುತ್ತಾನಲ್ಲ? ಅದಕ್ಕೆ ಗುರುಮಲ್ಲೇಶ ಒಂದು ಉಪಾಯ ಹೂಡಿದ. ತಡೆದ ಮೆಸೇಜಿಗೂ ಕಳಿಸಿದವನ ಫೋನಿನಲ್ಲಿ 'ತಲುಪಿದೆ' ಎಂದೇ ತೋರಿಸಬೇಕು. ಹಾರ ಬಿದ್ದದ್ದು ಮುಖ್ಯವಾಗಿ ಈ ಉಪಾಯಕ್ಕೇ.

ಮೋಸಗಾರರೂ ಕಡಿಮೆಯವರಲ್ಲ. 'ಕೂಡಲೇ' ಎಂದರೆ ಸಿಕ್ಕಿಬೀಳುತ್ತೇವೆಂದು ಗೊತ್ತಾದ ಮೇಲೆ ಊರೂರಿನ ಮಾತು ಕಲಿತು ಬರೆಯತೊಡಗಿದರು. ಅದೇ ವಾರ ಒಂದು ಬೆಳಿಗ್ಗೆ, ಮೂರನೇ ಮಹಡಿಗೆ ಟೀ ಕೊಡುವ ಚಿಕ್ಕತಾಯಮ್ಮ ಅವನ ಮೇಜಿನ ಮೇಲೆ ಲೋಟ ಇಟ್ಟು, "ಬಿರ್ನೆ ಕುಡೀರಿ ಸಾ, ಆರೋಯ್ತದ" ಎಂದಳು. ಅವಳು ಹನೂರಿನ ಆಚೆಯ ಮುಳ್ಳೂರುಪಾಳ್ಯದವಳು. ಗುರುಮಲ್ಲೇಶನೂ ಆ ಕಡೆಯವನೇ, ಆದರೆ ಮೈಸೂರಿಗೆ ಬಂದು ಇಪ್ಪತ್ತು ವರ್ಷದಲ್ಲಿ ಆ ಮಾತನ್ನು ತೊಳೆದು ಒಣಗಿಸಿ ಒಳಗಿಟ್ಟುಬಿಟ್ಟಿದ್ದ. ಬಿರ್ನೆ! ಚಿಕ್ಕಂದಿನಲ್ಲಿ ಅವನ ಅವ್ವ ದಿನಕ್ಕೆ ನೂರು ಸಲ ಹೇಳುತ್ತಿದ್ದ ಮಾತು. ಅವನಿಗೆ ಖುಷಿಯಾಯಿತು. ಟೀ ಕುಡಿಯುತ್ತಲೇ ಜರಡಿಯ ಅವಸರದ ಮಾತುಗಳ ಪಟ್ಟಿ ತೆರೆದು 'ಬಿರ್ನೆ' ಎಂದು ಸೇರಿಸಿದ.

"ನಿಮ್ಮ ಮಾತನ್ನು ಮಿಷನ್ನಿಗೆ ಕಲಿಸಿದೆ ತಾಯಮ್ಮ" ಎಂದ.

"ಅಯ್ಯ, ನನ್ ಮಾತ ಕಲ್ತು ಅದೇನ್ ಉದ್ಧಾರಾಯ್ತದ ಬುಡಿ ಸಾ" ಎಂದು ಅವಳು ನಗುತ್ತ ಹೋದಳು.

ಮನೆಯಲ್ಲೂ ಜರಡಿಯದೇ ಮಾತು. 'ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು' ಎಂಬ ಗಾದೆಯನ್ನೇ ನಂಬಿ ಬದುಕಿದ್ದ ಅವರ ಬೀದಿಯ ಮದುವೆ ದಲ್ಲಾಳಿ ಶಿವಪಾದಪ್ಪನವರು ಕಂಗಾಲಾಗಿದ್ದರು. 'ಹುಡುಗ ಬಂಗಾರ, ಕೂಡಲೇ ಬಂದು ನೋಡಿ' ಎಂದು ನಲವತ್ತು ಮನೆಗೆ ಬರೆದರೆ ಎಲ್ಲ ಕಡೆ 'ತಲುಪಿದೆ', ಮೊದಲ ಆರು ಮನೆ ಬಿಟ್ಟರೆ ಒಬ್ಬರದೂ ಉತ್ತರವಿಲ್ಲ. ಊರಿಗೇ ತನ್ನ ಮೇಲೆ ಮುನಿಸೆಂದು ತಿಳಿದು ಅವರು ಎರಡು ದಿನ ಮನೆಯಿಂದ ಹೊರಗೇ ಬರಲಿಲ್ಲವಂತೆ. ಇದನ್ನು ಹೇಳಿ ಗುರುಮಲ್ಲೇಶ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ಹೆಂಡತಿ ಸುಗುಣ ನಗಲಿಲ್ಲ.

"ಪಾಪ, ಅವರಿಗೆ ಹೇಳಿಬಿಡಬಾರದಾ? ನಿಮ್ಮ ಮೆಸೇಜು ಹೋಗಿಲ್ಲ ಅಂತ?"

"ಹೇಳಿದರೆ ಜರಡಿ ಇಟ್ಟು ಏನು ಪ್ರಯೋಜನ?" ಎಂದ ಗುರುಮಲ್ಲೇಶ.

ಇದಾಗಿ ತಿಂಗಳು ಕಳೆದಿರಲಿಲ್ಲ, ಚಿಕ್ಕತಾಯಮ್ಮ ಮೂರು ದಿನ ಕೆಲಸಕ್ಕೆ ಬರಲಿಲ್ಲ. ನಾಲ್ಕನೇ ದಿನ ಬಂದಾಗ ಅವಳ ಕಣ್ಣು ಊದಿತ್ತು. ಲೋಟ ಇಟ್ಟವಳು ಹೋಗಲಿಲ್ಲ, ಸೆರಗಿನ ತುದಿ ಹಿಡಿದು ಅಲ್ಲೇ ನಿಂತಳು.

"ನಮ್ಮವ್ವ ಹೋಗ್ಬುಟ್ಳು ಸಾ."

ಸೋಮವಾರ ಕೋಳಿ ಕೂಗುವ ಹೊತ್ತಿಗೆ ಅವಳ ತಾಯಿ ತೀರಿಕೊಂಡಿದ್ದಳು. ಅಣ್ಣ ರಾಚಪ್ಪ ಎಂಟೂ ಇಪ್ಪತ್ತಕ್ಕೆ ಮೆಸೇಜು ಕಳಿಸಿದ್ದನಂತೆ. ಆಗ ಅವಳು ಫೋನು ಕೈಯಲ್ಲೇ ಹಿಡಿದು ಬಸ್ ಸ್ಟಾಪಿನಲ್ಲಿ ನಿಂತಿದ್ದಳು. ಯಾವ ಮೆಸೇಜೂ ಬರಲಿಲ್ಲ. ಒಂಬತ್ತಕ್ಕೆ ಎಂದಿನಂತೆ ಫೋನನ್ನು ಆಫೀಸಿನ ಗೇಟಿನಲ್ಲಿ ಕೊಟ್ಟು ಒಳಗೆ ಬಂದಳು. ಗುತ್ತಿಗೆ ಕೆಲಸದವರು ಕಂಟ್ರೋಲ್ ರೂಮಿನ ಮಹಡಿಗೆ ಫೋನು ತರುವಂತಿಲ್ಲ. ಸಂಜೆ ಐದಕ್ಕೆ ಈಸಿಕೊಂಡರೆ, ಮಧ್ಯಾಹ್ನದ ಮೇಲೆ ಅಣ್ಣ ಮಾಡಿದ್ದ ಮೂರು ಮಿಸ್ಡ್ ಕಾಲು. ಮಾಡಿದರೆ ಅತ್ತಿಗೆ ಎತ್ತಿ, "ಈಗ ತಾನೇ ಮಣ್ ಮಾಡಿ ಬಂದ್ರು" ಎಂದಳು.

"ಬೆಳಿಗ್ಗೆನೇ ತಿಳಿದಿದ್ರ ಮದ್ಯಾನ್ಕ ಊರಲ್ಲಿರ್ತಿದ್ದೆ ಸಾ. ಹೊತ್ತು ಇಳಿಯಗಂಟ ನನ್ನ ಕಾದವ್ರ. ಅವ್ವುನ್ ಮೊಕ ನೋಡ್ಲಿಲ್ಲ ನಾನು."

ಅಷ್ಟೇ ಆಗಿದ್ದರೆ ಅವಳು ಅತ್ತು ಸುಮ್ಮನಾಗುತ್ತಿದ್ದಳು. ಕಳೆದ ದೀಪಾವಳಿಯಲ್ಲಿ ಅಣ್ಣ ಅವಳ ಗಂಡನಿಗೆ ಏನೋ ಅಂದಿದ್ದ, ಇವಳು ಸಿಟ್ಟಿನಲ್ಲಿ 'ನಿನ್ನ ಹೊಸಲು ತುಳಿಯಲ್ಲ' ಎಂದು ಬಂದಿದ್ದಳು. ಈಗ ರಾಚಪ್ಪ ಅದನ್ನೇ ಹಿಡಿದು ಕೂತಿದ್ದ. ಹದಿನೇಳು ಜನಕ್ಕೆ ಮೆಸೇಜು ಹಾಕಿದ್ದೆ, ಹದಿನಾರು ಜನ ಬಂದರು, ಹೆತ್ತ ಮಗಳು ಬರಲಿಲ್ಲ. ನಿನ್ನ ಫೋನಿಗೂ ತಲುಪಿದೆ ಎಂದು ನನ್ನ ಫೋನೇ ಹೇಳುತ್ತಿದೆ. ಹಟಕ್ಕೆ ಬರದೆ ಈಗ ಸುಳ್ಳು ಬೇರೆ ಹೇಳುತ್ತೀಯಾ? ಹನ್ನೊಂದನೇ ದಿನದ ತಿಥಿಗೆ ಬರಬೇಡ. ಊರಿಗೆ ಓಡಿ ಹೋದವಳನ್ನು ನೆಂಟರೆದುರಿಗೇ ಹೀಗೆ ಹೇಳಿ ಬಾಗಿಲಿಂದಲೇ ಕಳಿಸಿದ್ದ.

"ನೀವು ಮೆಸೇಜಿನ ಆಫೀಸ್ನೋರು. ಒಂದ್ಸಲ ನೋಡಿ ಸಾ. ಬರ್ನಿಲ್ಲ ಅಂತ ನೀವೊಂದ್ ಮಾತ ಹೇಳುದ್ರ ನಮ್ಮಣ್ಣ ನಂಬ್ತನ. ಹನ್ನೊಂದ್ಕ ಇನ್ನು ಏಳ್ ದಿನ ಅದ."

ಅವಳು ಅತ್ತ ಹೋದ ಮೇಲೆ ಗುರುಮಲ್ಲೇಶ ತಡೆದ ಮೆಸೇಜುಗಳ ಕಣಜ ತೆರೆದ. ಸೋಮವಾರ, ಎಂಟೂ ಇಪ್ಪತ್ತು. ಹುಡುಕಲು ಅರ್ಧ ನಿಮಿಷವೂ ಬೇಕಾಗಲಿಲ್ಲ.

'ತಂಗೀ, ಅವ್ವುಂಗೆ ವಸಿ ಉಷಾರಿಲ್ಲ. ಬಿರ್ನೆ ಬಾ. ಉಂಡ್ಕಂಡೇ ಹೊರಡು.'

ಮೂರು ಕಲ್ಲು. ಹದಿನಾರು ನೆಂಟರಿಗೆ ರಾಚಪ್ಪ 'ಅವ್ವ ತೀರ್ಕಂಡ್ಳು, ಸಂಜೆ ಮಣ್ಣು' ಎಂದು ನೇರವಾಗಿ ಬರೆದಿದ್ದ. ಅವೆಲ್ಲ ನಿಜ, ಬೆರಳು ಎಲ್ಲೂ ನಿಂತಿರಲಿಲ್ಲ, ಅವೆಲ್ಲ ತಲುಪಿದ್ದವು. ಹದಿನೇಳನೆಯದಾಗಿ ತಂಗಿಗೆ ಬರೆಯುವಾಗ ಬೆರಳು ನಾಲ್ಕು ಸಲ ಬರೆದು ನಾಲ್ಕು ಸಲ ಅಳಿಸಿತ್ತು. ಸತ್ತವಳ ಬಗ್ಗೆ 'ವಸಿ ಉಷಾರಿಲ್ಲ' ಎಂದು ಬರೆಯುವುದು ಸುಲಭವೇ? ನಮ್ಮ ಕಡೆ ಯಾರು ತಾನೇ ದೂರದಲ್ಲಿರುವ ಮಗಳಿಗೆ ತಾಯಿ ಸತ್ತಳೆಂದು ನೇರವಾಗಿ ತಿಳಿಸುತ್ತಾರೆ? ಹೆಂಗಸು ಒಬ್ಬಳೇ ಬರಬೇಕು, ನಾಲ್ಕು ಗಂಟೆಯ ಬಸ್ಸಿನ ದಾರಿ. ತಿಳಿದರೆ ದಾರಿಯುದ್ದಕ್ಕೂ ಅಳುತ್ತಾಳೆ, ಮಣ್ಣಾಗುವವರೆಗೆ ತೊಟ್ಟು ನೀರು ಮುಟ್ಟುವುದಿಲ್ಲ. ಅದಕ್ಕೇ ಆ ಸುಳ್ಳು, ಅದಕ್ಕೇ ಆ ಊಟದ ಮಾತು. ದನಿ ನಡುಗಿದರೆ ಗುಟ್ಟು ಬಿಟ್ಟುಹೋದೀತೆಂದೇ ಅವನು ಬೆಳಿಗ್ಗೆ ಫೋನು ಮಾಡದೆ ಬರೆದದ್ದು. ಇಷ್ಟನ್ನೂ ಬಲ್ಲ ಮನುಷ್ಯ ಈ ಜರಡಿಯನ್ನು ಕಟ್ಟಿದ್ದ, ಕಟ್ಟುವಾಗ ಇದು ಅವನ ನೆನಪಿಗೇ ಬರಲಿಲ್ಲ.

ಗುರುಮಲ್ಲೇಶ ಅದನ್ನು ಮೇಲಧಿಕಾರಿ ವೈಜಯಂತಿಯವರ ಬಳಿ ಒಯ್ದ. ಅವರು ಓದಿದರು, ಸ್ವಲ್ಪ ಹೊತ್ತು ಕನ್ನಡಕ ತೆಗೆದು ಒರೆಸಿದರು.

"ಬೇಜಾರಿನ ವಿಷಯ. ಆದರೆ ಗುರುಮಲ್ಲೇಶ್, ದಿನಕ್ಕೆ ಎಷ್ಟು ಲಕ್ಷ ಮೋಸ ತಡೀತಿದೆ ಅದು? ಒಂದು ಕಾಳು ಕಲ್ಲಿನ ಜೊತೆ ಹೋಯ್ತು ಅಂತ ಯಾರಾದರೂ ಜರಡಿ ಎಸೀತಾರಾ? ಮುಂದಿನ ತಿಂಗಳು ಬೇರೆ ಕಂಪನಿಗಳು ಇದನ್ನ ಕೊಳ್ಳೋಕೆ ಬರ್ತಿವೆ. ಟವರ್ ತೊಂದರೆ ಅಂತ ಹೇಳಿಬಿಡಿ."

ಹೇಳಿಬಿಟ್ಟ. ಮರುದಿನ ಚಿಕ್ಕತಾಯಮ್ಮ ಟೀ ತಂದಾಗ ಅವಳ ಮುಖ ನೋಡದೆ, ಲೋಟ ನೋಡುತ್ತ, "ಟವರ್ ತೊಂದರೆ ಇದ್ದಿರಬೇಕು ತಾಯಮ್ಮ, ಸರಿಯಾಗಿ ಗೊತ್ತಾಗ್ತಿಲ್ಲ" ಎಂದ. ಅವಳು 'ಹೂಂ' ಎಂದಳು. ನಂಬಿದಳೋ ಬಿಟ್ಟಳೋ, ಅಂದಿನಿಂದ ಮತ್ತೆ ಆ ಮಾತೆತ್ತಲಿಲ್ಲ. ದಿನಾ ಟೀ ಇಡುತ್ತಿದ್ದಳು, ದಿನಾ ಅವನು ತಲೆ ತಗ್ಗಿಸುತ್ತಿದ್ದ. ಟೀ ಆರಿ ಕೆನೆ ಕಟ್ಟುತ್ತಿತ್ತು, ಬಿರ್ನೆ ಕುಡೀರಿ ಎಂದು ಹೇಳುವುದನ್ನೂ ಅವಳು ಬಿಟ್ಟಿದ್ದಳು.

ಸಾವಿನ ಎಂಟನೇ ದಿನ ಮನೆಯಲ್ಲಿ ಗುರುಮಲ್ಲೇಶ ತಟ್ಟೆಯ ಮುಂದೆ ಊಟ ಮುಟ್ಟದೆ ಕೂತಿದ್ದ. ಸುಗುಣ ಕೇಳಿದಳು, ಅವನು ಎಲ್ಲ ಹೇಳಿದ. ಹೇಳುವಾಗ ತಾನು ಮಾಡಿದ್ದಕ್ಕಿಂತ ವೈಜಯಂತಿಯವರು ಅಂದದ್ದನ್ನೇ ಹೆಚ್ಚು ಹೇಳಿದ, ಅದೂ ಅವನಿಗೆ ಗೊತ್ತಾಗುತ್ತಿತ್ತು.

ಸುಗುಣ ಸಾರಿನ ಪಾತ್ರೆ ಕೆಳಗಿಟ್ಟಳು. ಆಮೇಲೆ, "ನಮ್ಮಪ್ಪ ಹೋದಾಗ ನೀವು ನನಗೆ ಏನು ಹೇಳಿದ್ರಿ, ನೆನಪಿದೆಯಾ?" ಎಂದಳು.

ಅವನಿಗೆ ನೆನಪಿತ್ತು.

"ಮಾವನಿಗೆ ಸ್ವಲ್ಪ ಸುಸ್ತಂತೆ, ತಿಂಡಿ ತಿಂದು ಹೊರಡೋಣ ಅಂದ್ರಿ. ಬಲವಂತ ಮಾಡಿ ಎರಡು ಸಲ ಉಪ್ಪಿಟ್ಟು ಬಡಿಸಿದ್ರಿ. ನಾನು ತಿಂದೆ. ಊರಿಗೆ ಹೋದ ಮೇಲೆ ಗೊತ್ತಾಯ್ತು. ಆವತ್ತು ನಿಮ್ಮ ಮೇಲೆ ಸಿಟ್ಟು ಬಂದಿತ್ತು, ಆಮೇಲೆ ವರ್ಷಗಟ್ಟಲೆ ಆ ಉಪ್ಪಿಟ್ಟು ನೆನೆಸಿಕೊಂಡು ಅತ್ತಿದೀನಿ. ನಿಮ್ಮ ಜರಡಿಗೆ ಹಾಕಿದ್ರೆ ಆವತ್ತು ನೀವೂ ಕಳ್ಳರೇ."

ಅವನು ತಟ್ಟೆ ಸರಿಸಿ ಎದ್ದ. ನಾಚಿಕೆಗೆ ಹೊಟ್ಟೆಯಲ್ಲಿ ಜಾಗ ಬೇಕು, ಅನ್ನ ಅಲ್ಲಿಗೆ ಹೋಗುವುದಿಲ್ಲ.

ಮರುದಿನ ಆಫೀಸಿನಲ್ಲಿ ಕೂತು ತನ್ನ ಫೋನಿನಿಂದಲೇ ಮೆಸೇಜು ಬರೆದ. ರಾಚಪ್ಪನಿಗೆ ಫೋನು ಮಾಡಬಹುದಿತ್ತು. ಆದರೆ ದನಿ ನಡುಗೀತೆಂಬ ಹೆದರಿಕೆ ಅವನಿಗೂ ಇತ್ತು. ಮೊದಲು 'ನಮ್ಮ ಯಂತ್ರ ತಡೆಯಿತು' ಎಂದು ಬರೆದು ಅಳಿಸಿದ. 'ನಮ್ಮಿಂದ ತಪ್ಪಾಯಿತು' ಎಂದು ಬರೆದು ಅದನ್ನೂ ಅಳಿಸಿದ. ಕೊನೆಗೆ ಹೀಗಾಯಿತು: 'ತಾಂತ್ರಿಕ ದೋಷದಿಂದ ತಮ್ಮ ಸಂದೇಶ ತಮ್ಮ ತಂಗಿಗೆ ತಲುಪಿರಲಿಲ್ಲ. ದಯವಿಟ್ಟು ಕೂಡಲೇ ಅವರನ್ನು ತಿಥಿಗೆ ಕರೆಸಿ.' ರಾಚಪ್ಪ ಒಬ್ಬನೇ ಓದಿದರೆ ಸಾಲದು, ನೆಂಟರೆದುರು ಹೋದ ಮಾನ ನೆಂಟರೆದುರೇ ಬರಬೇಕು ಎಂದು ಆ ಹದಿನಾರು ಜನಕ್ಕೂ ಕಳಿಸಿದ. ಹದಿನೇಳು ಸಲವೂ 'ತಲುಪಿದೆ' ಎಂದು ಬಂತು. ಎದೆಯ ಭಾರ ಇಳಿದಂತಾಯಿತು. ಅಂದು ಹೊಟ್ಟೆ ತುಂಬ ಉಂಡ, ಸುಗುಣಳಿಗೂ "ಸರಿಮಾಡಿದೆ ಬಿಡು" ಎಂದ.

ಹತ್ತನೇ ದಿನ ಬೆಳಿಗ್ಗೆ, ಜರಡಿಯ ಪರದೆ ಕಾಯುವ ಫರ್ಹಾನಾ ಅವನ ಮೇಜಿನ ಬಳಿ ಬಂದು ನಿಂತಳು. ಕೆಲಸಕ್ಕೆ ಸೇರಿ ಎರಡು ವರ್ಷವಾದ ಹುಡುಗಿ, ಏನಿದ್ದರೂ ಪಟ್ಟನೆ ಹೇಳುವವಳು. ಈಗ ಹೇಳಲಾಗದೆ ಕೈಬಳೆ ತಿರುಗಿಸುತ್ತಿದ್ದಳು.

"ಸರ್, ನಿನ್ನೆ ತಡೆದಿದ್ದರಲ್ಲಿ ನಿಮ್ಮ ನಂಬರ್ ಇದೆ."

"ನನ್ನದಾ?"

"ಮೊದಲ ಆರರಲ್ಲೇ 'ತಾಂತ್ರಿಕ ದೋಷ' ಅನ್ನೋ ಹತ್ರ ಬೆರಳು ತಡವರಿಸಿದೆ, 'ಕೂಡಲೇ' ಬೇರೆ ಇದೆ ಅಂತ ಎರಡು ಕಲ್ಲಿತ್ತು, ಆದರೂ ಬಿಟ್ಟಿದೆ. ಏಳನೇದರಿಂದ ಮೂರು ಕಲ್ಲು. ನೀವು ರಾಚಪ್ಪ ಅನ್ನೋರಿಗೆ ಕೊನೇಲಿ ಕಳಿಸಿದೀರಿ ಸರ್. ಅದು ಹೋಗಿಲ್ಲ."

ಗೊತ್ತಿಲ್ಲದ ನಂಬರಿನ ಆ ಮೆಸೇಜನ್ನು, ತಲುಪಿದ ಆರು ಮಂದಿಯೂ ನಂಬಿರಲಾರರು. ಕೊನೆಯಲ್ಲಿ ಕಳಿಸಿದ್ದು ಹೌದು. ಎಲ್ಲಕ್ಕಿಂತ ಕಷ್ಟದ್ದನ್ನು ಕೊನೆಗಿಟ್ಟಿದ್ದ, ರಾಚಪ್ಪನ ಹಾಗೆಯೇ. ಆದರೆ ರಾಚಪ್ಪ ಸುಳ್ಳು ಬರೆದದ್ದು ತಂಗಿಯ ಹೊಟ್ಟೆಗಾಗಿ, ಇವನು ಬರೆದದ್ದು ತನ್ನ ಮುಖಕ್ಕಾಗಿ. ಜರಡಿಗೆ ಎರಡೂ ಒಂದೇ. ತಾನೇ ಕಲಿಸಿದ 'ತಲುಪಿದೆ' ಎಂಬ ಮಾತನ್ನು ತಾನೇ ನಂಬಿ ಒಂದು ದಿನ ನೆಮ್ಮದಿಯಾಗಿ ಉಂಡು ಮಲಗಿದ್ದನಲ್ಲ! ಫರ್ಹಾನಾಳ ಕಣ್ಣಲ್ಲಿ ತಿರಸ್ಕಾರವಿದ್ದಿದ್ದರೆ ತಡೆದುಕೊಳ್ಳುತ್ತಿದ್ದ. ಅಲ್ಲಿದ್ದದ್ದು ಬರೀ ಮುಜುಗರ, ಅಪ್ಪ ಜೇಬು ಕತ್ತರಿಸುವುದನ್ನು ಕಂಡ ಮಗಳಿಗಾಗುವಂಥದ್ದು. ಅವನಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

ಅವನು ಎದ್ದು ಟೀ ಮಾಡುವ ಕೋಣೆಗೆ ಹೋದ. ಚಿಕ್ಕತಾಯಮ್ಮ ಲೋಟ ತೊಳೆಯುತ್ತಿದ್ದಳು. ಬಾಗಿಲಲ್ಲೇ ನಿಂತು ಎಲ್ಲ ಹೇಳಿದ. ಟವರ್ ಸುಳ್ಳು, ದೋಷ ಸುಳ್ಳು, ತಡೆದದ್ದು ನಾನು ಮಾಡಿದ ಮಿಷನ್ನು, 'ಬಿರ್ನೆ' ಎಂಬ ಮಾತನ್ನು ಅದಕ್ಕೆ ಕೊಟ್ಟವನೂ ನಾನೇ, ನಿಮ್ಮ ಬಾಯಿಂದ ಕೇಳಿ ಕೊಟ್ಟೆ ಎಂದ.

ನಲ್ಲಿ ಹರಿಯುತ್ತಲೇ ಇತ್ತು. ಅವಳು ಅದನ್ನು ನಿಲ್ಲಿಸಿ ತಿರುಗಿದಳು.

"ಅಂಗಾದ್ರ, ಬಿರ್ನೆ ಬಾ ಅಂದುದ್ದು ನಮ್ಮಣ್ಣುಂದ್ ತಪ್ಪಾ ಸಾ?"

"ಅಲ್ಲ ತಾಯಮ್ಮ. ನಿಮ್ಮಣ್ಣಂದಲ್ಲ."

"ಏನ್ ಬರ್ದಿದ್ದ?"

"ಅದನ್ನ ನಾನು ಹೇಳಬಾರದು. ನಿಮಗೆ ಬರೆದದ್ದು, ನಿಮ್ಮ ಫೋನಿಗೇ ಬರುತ್ತೆ. ನಾಳೆ ನಾನೂ ಊರಿಗೆ ಬರ್ತೀನಿ. ಅವರೆದುರೇ ಹೇಳ್ತೀನಿ."

ಅಂದು ಸಂಜೆ ಯಾರ ಅಪ್ಪಣೆಯನ್ನೂ ಕೇಳದೆ ಅವನು ಜರಡಿಯಲ್ಲಿ ಒಂದೇ ಒಂದು ಸಾಲು ತಿದ್ದಿದ. ತಡೆದ ಮೆಸೇಜಿಗೆ ಇನ್ನು ಮುಂದೆ 'ತಡೆಯಲಾಗಿದೆ' ಎಂದೇ ಹೋಗಬೇಕು. ನೌಕರಿ ಉಳಿಯುವುದು ಅನುಮಾನ ಎಂದು ಅವನಿಗೆ ಗೊತ್ತಿತ್ತು. ಆದರೂ ಕೈ ತಡವರಿಸಲಿಲ್ಲ.

ಮುಳ್ಳೂರುಪಾಳ್ಯದಲ್ಲಿ ರಾಚಪ್ಪನ ಮನೆ ಮುಂದೆ ಶಾಮಿಯಾನ ಹಾಕಿತ್ತು. ಚಿಕ್ಕತಾಯಮ್ಮ ಬೀದಿಯ ತುದಿಯಲ್ಲೇ ನಿಂತುಬಿಟ್ಟಳು, ಕರೆಯದೆ ಒಳಗೆ ಬರಲಾರೆನೆಂದಳು. ಗುರುಮಲ್ಲೇಶ ಒಬ್ಬನೇ ಹೋದ. ನೆಂಟರೆಲ್ಲ ಊಟಕ್ಕೆ ಕೂರುವ ಹೊತ್ತು. ತಲೆ ಬೋಳಿಸಿದ್ದ ಗಟ್ಟಿ ಆಳು ರಾಚಪ್ಪ, ಪ್ಯಾಂಟು ಶರ್ಟಿನ ಅಪರಿಚಿತನನ್ನು ಕಂಡು ಯಾರು ಎಂದು ಕೇಳಿದ.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಒಂದೂ ಬಾಯಿಗೆ ಬರಲಿಲ್ಲ. ಬಂದದ್ದು ಇಷ್ಟೇ: "ನಿಮ್ಮ ತಂಗಿ ಸುಳ್ಳು ಹೇಳಿಲ್ಲ. ನೀವು ಹಾಕಿದ ಮೆಸೇಜನ್ನ ನಾನು ತಡೆದೆ. ಅದು ಮೋಸದ್ದು ಅಂತ ನನ್ನ ಮಿಷನ್ನು ತಿಳೀತು. ಅವರಿಗೆ ತಲುಪಲೇ ಇಲ್ಲ."

ದನಿ ನಡುಗಿತು. ನಡುಗಿದರೆ ನಡುಗಲಿ ಎಂದು ಬಿಟ್ಟ. ಎಲೆ ಹಾಕುತ್ತಿದ್ದವರೂ ನಿಂತರು. ರಾಚಪ್ಪ ಎಲ್ಲ ಕೇಳಿಸಿಕೊಂಡು, ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ.

"ಸುಳ್ಳು ಅಂತ ಹಿಡೀತಾ ಅದು? ಸರ್ಯಾಗೇ ಹಿಡ್ದದ. ಅವ್ವ ಆಗ್ಲೇ ಹೋಗಿದ್ಲು. ನಾ ಬರ್ದದ್ದು ಸುಳ್ಳೇಯ." ಅವನು ಗುರುಮಲ್ಲೇಶನನ್ನೇ ನೋಡಿದ. "ಆದ್ರ ಸಾ, ತಲುಪ್ಯದ ಅಂತ ನನ್ ಫೋನ್ಗ ನೀವ್ ಹೇಳುದ್ರಲ್ಲ, ಆ ಸುಳ್ಳ ಯಾವ ಜರಡಿ ಹಿಡ್ದದು? ಅದ ನಂಬಿ ಒಡಹುಟ್ಟುದೋಳ್ನ ಬಾಕ್ಲಿಂದ ಅಟ್ಬುಟ್ನಲ್ಲ ನಾನು."

ಗುರುಮಲ್ಲೇಶ ಕೈಮುಗಿದ. ಆಮೇಲೆ ಆಫೀಸಿನಲ್ಲಿ ಕಾಯುತ್ತಿದ್ದ ಫರ್ಹಾನಾಳಿಗೆ ಫೋನು ಮಾಡಿ, "ಆ ಮೆಸೇಜು ಬಿಡಮ್ಮ" ಎಂದ.

ಬೀದಿಯ ತುದಿಯಲ್ಲಿ ಚಿಕ್ಕತಾಯಮ್ಮನ ಫೋನು ಟಣ್ ಎಂದಿತು. ಹನ್ನೊಂದು ದಿನ ತಡವಾಗಿ ಬಂದ ಮೆಸೇಜನ್ನು ಅವಳು ನಿಂತಲ್ಲೇ ಓದಿಕೊಂಡಳು. ತುಟಿ ಅಲುಗುವುದು ಶಾಮಿಯಾನದವರೆಗೂ ಕಾಣುತ್ತಿತ್ತು. ಕೊನೆಯ ಮಾತಿಗೆ ಬಂದಾಗ ಅವಳು ಅಲ್ಲೇ ಕುಸಿದು ಕೂತು, "ಉಂಡ್ಕಂಡೇ ಹೊರಡು ಅಂದಿದ್ಯಾ ಅಣ್ಣಾ, ಉಂಡ್ಕಂಡೇ ಹೊರಡು ಅಂದಿದ್ಯಾ" ಎಂದು ಗೋಳೋ ಎಂದಳು. ರಾಚಪ್ಪ ಓಡಿಹೋಗಿ ಅವಳನ್ನು ಎಬ್ಬಿಸಿಕೊಂಡ. ತೋಳು ಹಿಡಿದು ಕರೆತಂದು ಹೊಸಲು ದಾಟಿಸಿದ. ಒಳಗೆ ಹೆಂಗಸರ ಅಳು ಮತ್ತೊಮ್ಮೆ ಹೊಸದಾಗಿ ಎದ್ದಿತು.

ತನ್ನ ಕೆಲಸ ಮುಗಿಯಿತೆಂದು ಗುರುಮಲ್ಲೇಶ ಸದ್ದಿಲ್ಲದೆ ತಿರುಗಿದ. ಯಾರಾದರೂ ಎರಡು ಬೈದಿದ್ದರೆ ಹಗುರಾಗಿ ಹೋಗುತ್ತಿದ್ದ, ಒಬ್ಬರೂ ಬೈಯಲಿಲ್ಲ. ನಾಲ್ಕು ಹೆಜ್ಜೆ ಹಾಕಿರಲಿಲ್ಲ, ಹಿಂದಿನಿಂದ ರಾಚಪ್ಪನ ದನಿ ಬಂತು.

"ಸಾ, ತಿಥಿ ಮನೆಗ ಬಂದು ಅಂಗೇ ಹೋಗ್ಬಾರ್ದು. ಉಂಡ್ಕಂಡೇ ಹೊರಡಿ."

ಗುರುಮಲ್ಲೇಶ ಬಂದು ಸಾಲಿನ ಕೊನೆಯ ಎಲೆಯ ಮುಂದೆ ಕೂತ. ಚಿಕ್ಕತಾಯಮ್ಮನೇ ಬಂದು ಅನ್ನ ಬಡಿಸಿದಳು. ಅವಳ ಮುಖ ನೋಡಲಾರದೆ ಎಲೆಯನ್ನೇ ನೋಡುತ್ತ ಕುಳಿತ. ಸಾರು ಬಂತು, ಪಲ್ಯ ಬಂತು. ಅವನ ಕೈ ಮಾತ್ರ ಅನ್ನದ ಮೇಲೆ ನಿಂತು ತಡವರಿಸಿತು.

"ಬಿರ್ನೆ ಉಣ್ಣಿ ಸಾ" ಎಂದಳು ಅವಳು, "ಆರೋಯ್ತದ."